ಬಸ್ಸೋ, ರೈಲೋ, ತಿಂಗಳೋ

ಮಂಗಳೂರಿನಲ್ಲಿ ನಿಂತು "ಸಕಲೇಶಪುರಕ್ಕೆ ಯಾವುದರಲ್ಲಿ ಹೋದರೆ ಒಳ್ಳೆಯದು?" ಎಂದು ಕೇಳಿ ನೋಡಿ. ಬಸ್ಸು ಎನ್ನುವುದಿಲ್ಲ, ರೈಲು ಎನ್ನುವುದಿಲ್ಲ. "ಯಾವಾಗ ಹೋಗುವುದು?" ಎಂದು ತಿರುಗಿ ಕೇಳುತ್ತಾರೆ. ಹೊಸಬರಿಗೆ ಇದು ಜಾರಿಕೊಳ್ಳುವ ಮಾತಿನಂತೆ ಕೇಳಿಸೀತು. ಕರಾವಳಿಯಲ್ಲಿ ನಾಲ್ಕು ಮಳೆಗಾಲ ಕಳೆದವರಿಗೆ ಗೊತ್ತು, ಉತ್ತರದ ಮುಕ್ಕಾಲು ಪಾಲು ಆ ಮರುಪ್ರಶ್ನೆಯಲ್ಲೇ ಇದೆ. ಜನವರಿಯ ಸಕಲೇಶಪುರವೂ ಜುಲೈಯ ಸಕಲೇಶಪುರವೂ ನಕ್ಷೆಯಲ್ಲಿ ಒಂದೇ ಚುಕ್ಕಿ. ದಾರಿಯ ಲೆಕ್ಕ ಹಿಡಿದರೆ ಎರಡು ಬೇರೆ ಬೇರೆ ಊರು.

ರಸ್ತೆಯಲ್ಲಿ ದೂರ ಸುಮಾರು 130 ಕಿ.ಮೀ. ಬಯಲುಸೀಮೆಯಲ್ಲಾದರೆ ಎರಡು ತಾಸಿನ ಮಾತು. ಇಲ್ಲಿ ಮೊದಲ ಎಂಬತ್ತು ತೊಂಬತ್ತು ಕಿ.ಮೀ. ತನಕ ಏರಿದ್ದೇ ಗೊತ್ತಾಗುವುದಿಲ್ಲ. ತೆಂಗು, ಅಡಿಕೆ, ರಬ್ಬರು, ಆಗಾಗ ಪಕ್ಕದಲ್ಲಿ ಕಾಣಿಸಿಕೊಳ್ಳುವ ನೇತ್ರಾವತಿ. ಉಪ್ಪಿನಂಗಡಿಯಲ್ಲಿ ಅವಳಿಗೆ ಕುಮಾರಧಾರೆ ಬಂದು ಸೇರುತ್ತಾಳೆ. ನೆಲ್ಯಾಡಿ, ಶಿರಾಡಿ ದಾಟಿ ಅಡ್ಡಹೊಳೆ, ಗುಂಡ್ಯಕ್ಕೆ ಬಂದಾಗ ಕಾಡು ರಸ್ತೆಯ ಮೇಲೆ ಬಾಗುತ್ತದೆ, ಬಸ್ಸಿನ ಗೇರು ದನಿ ಬದಲಿಸುತ್ತದೆ. ಅಲ್ಲಿಂದಾಚೆಗೆ ಕೆಂಪುಹೊಳೆಯ ಪಕ್ಕದಲ್ಲೇ ಹತ್ತಿ ಮಾರನಹಳ್ಳಿ, ಹೆಗ್ಗದ್ದೆ, ದೋಣಿಗಾಲ್ ಮುಗಿಸಿದರೆ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಸಕಲೇಶಪುರ. ಮಂಗಳೂರಿನಲ್ಲಿ ಬೆವರು ಒರೆಸಿಕೊಂಡ ಕರವಸ್ತ್ರವನ್ನೇ ಇಲ್ಲಿ ಕಿವಿಗೆ ಕಟ್ಟಿಕೊಳ್ಳಬೇಕು. ದಾರಿಯ ಮೂರನೇ ಒಂದು ಭಾಗವಷ್ಟೇ ಘಟ್ಟ. ಯಾವ ಬಂಡಿ, ಯಾವ ಹೊತ್ತು, ಹೋಗುವುದೋ ಬಿಡುವುದೋ ಎಂದು ತೀರ್ಮಾನಿಸುವುದು ಮಾತ್ರ ಆ ಒಂದು ಭಾಗವೇ.

ಮಂಗಳೂರಿಗೆ ಹತ್ತಿರದ ಬೆಟ್ಟದೂರುಗಳು ಬೇರೆಯೂ ಇವೆ. ಮಡಿಕೇರಿ ಹೆಚ್ಚು ಹೆಸರಾದದ್ದು. ಆದರೆ ಕೊಡಗು ಜಿಲ್ಲೆಯಲ್ಲಿ ಒಂದೇ ಒಂದು ರೈಲು ನಿಲ್ದಾಣವೂ ಇಲ್ಲ, ಹಾಗಾಗಿ ಅಲ್ಲಿಗೆ ಆಯ್ಕೆ ಎಂದರೆ ಯಾವ ಬಸ್ಸು, ಯಾರ ಕಾರು ಎಂಬಷ್ಟೇ. ಚಿಕ್ಕಮಗಳೂರಿಗೆ 2013ರಲ್ಲಿ ರೈಲು ಬಂತು, ಬಂದದ್ದು ಕಡೂರಿನ ಕಡೆಯಿಂದ. ಕಡಲ ಕಡೆಯವರಿಗೆ ಅದರಿಂದ ಮೂರುಕಾಸಿನ ಪ್ರಯೋಜನವಿಲ್ಲ. ಬಸ್ಸು, ರೈಲು, ಸ್ವಂತ ವಾಹನ ಮೂರೂ ಎದುರಿಗಿದ್ದು, ಮೂರರಲ್ಲೂ ಏನೋ ಒಂದು ಕೊಂಕು ಇರುವ ಊರೆಂದರೆ ಸಕಲೇಶಪುರವೇ. ಹಾಗಾಗಿ ಈ ಬರಹದ ದಾರಿ ಅದು. ಉಳಿದ ಘಾಟಿಗಳು ನಡುನಡುವೆ ಬಂದು ಹೋಗುತ್ತವೆ. ಬಾರದೆ ವಿಧಿಯಿಲ್ಲ ಎಂಬುದೂ ಮುಂದೆ ತಿಳಿಯುತ್ತದೆ.

ಈ ದಾರಿಗಳು ಮನುಷ್ಯರಿಗಾಗಿ ಹುಟ್ಟಿದವಲ್ಲ, ಹೇರಿಗಾಗಿ ಹುಟ್ಟಿದವು. ಕೆಳಗಿನಿಂದ ಉಪ್ಪು, ಒಣಮೀನು, ತೆಂಗಿನಕಾಯಿ ಮೇಲೇರಬೇಕು. ಮೇಲಿನಿಂದ ಅಕ್ಕಿ, ಮೆಣಸು, ಏಲಕ್ಕಿ ಬಂದರಿಗೆ ಇಳಿಯಬೇಕು. ಹೇರೆತ್ತುಗಳು ಸಾಲುಗಟ್ಟಿ ಹತ್ತುತ್ತಿದ್ದುದು ಮಳೆ ನಿಂತ ಮೇಲೆ. ಮಳೆಗಾಲದಲ್ಲಿ ಘಟ್ಟಕ್ಕೆ ರಜೆ. ಅಂದರೆ 'ಯಾವಾಗ' ಎಂಬ ಪ್ರಶ್ನೆ ಎತ್ತಿನ ಕಾಲದ್ದು. ನಾವು ಡಾಂಬರು ಹಾಕಿ, ಕಾಂಕ್ರೀಟು ಹಾಕಿ, ಹಳಿ ಹಾಕಿ ಅದನ್ನು ಮರೆತೆವು, ಮಳೆ ಮರೆಯಲಿಲ್ಲ.

ಈ ದಾರಿಯ ಬೆಲೆ ಸರಿಯಾಗಿ ತಿಳಿದಿದ್ದವನು ಟಿಪ್ಪು. ಅವನಿಗೆ ಸಮುದ್ರವೆಂದರೆ ಮಂಗಳೂರು. ಆ ಬಂದರಿನಿಂದ ಶ್ರೀರಂಗಪಟ್ಟಣಕ್ಕೆ ಹತ್ತುವ ದಾರಿಯ ಮೇಲೆ ಕಣ್ಣಿಡಲು 1792ರಲ್ಲಿ ದೋಣಿಗಾಲ್ ಬಳಿಯ ಗುಡ್ಡದ ನೆತ್ತಿಯಲ್ಲಿ ನಕ್ಷತ್ರದಾಕಾರದ ಮಂಜರಾಬಾದ್ ಕೋಟೆ ಕಟ್ಟಿಸಿದ. ಆಕಾಶ ತಿಳಿಯಾದ ದಿನ ಅಲ್ಲಿಂದ ಅರಬ್ಬೀ ಸಮುದ್ರ ಕಾಣುತ್ತದೆ ಎನ್ನುತ್ತಾರೆ. ನಾನು ಮೂರು ಸಲ ಹತ್ತಿದ್ದೇನೆ, ಮೂರು ಸಲವೂ ಕಂಡದ್ದು ಮಂಜು. ಊರ ಜನ ಕೋಟೆಯ ಹೆಸರನ್ನು ಬಿಡಿಸಿ ಹೇಳುವುದೂ ಆ ಮಂಜಿನಿಂದಲೇ.

ರೈಲಿನ ಕಥೆ ಹೇಳುವಾಗ ಸ್ವಲ್ಪ ನಿಲ್ಲಬೇಕು, ಏಕೆಂದರೆ ಸಕಲೇಶಪುರಕ್ಕೆ ರೈಲಿನಲ್ಲಿ ಹೋಗಬೇಕೆಂದು ಹೊರಡುವವರಲ್ಲಿ ಅರ್ಧದಷ್ಟು ಜನ ಊರಿಗಾಗಿ ಹೊರಡುವುದಿಲ್ಲ, ಹಳಿಗಾಗಿ ಹೊರಡುತ್ತಾರೆ. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ, ಅದೂ ಕೇರಳದ ಕಡೆಯಿಂದ. ಆಮೇಲೆ ಏಳು ದಶಕ ಮಂಗಳೂರಿನ ಹಳಿಗೆ ಮದರಾಸು ಗೊತ್ತಿತ್ತು, ಬೆಂಗಳೂರು ಗೊತ್ತಿರಲಿಲ್ಲ. ಹೊಸ ಮಂಗಳೂರು ಬಂದರು 1975ರ ಜನವರಿಯಲ್ಲಿ ಉದ್ಘಾಟನೆಯಾದಾಗಲೂ ಘಟ್ಟದ ಮೇಲಿನ ಸೀಮೆಗೂ ಬಂದರಿಗೂ ನಡುವೆ ಹಳಿಯಿಲ್ಲ. ಹಾಸನ–ಮಂಗಳೂರು ಮೀಟರ್ ಗೇಜ್ ಮಾರ್ಗ ಪೂರ್ತಿಯಾದದ್ದು 1979ರಲ್ಲಿ, 189 ಕಿ.ಮೀ. ಅದು ಹದಿನೇಳು ವರ್ಷ ಓಡಿತು. ಬ್ರಾಡ್ ಗೇಜ್ ಮಾಡುತ್ತೇವೆಂದು 1996ರಲ್ಲಿ ನಿಲ್ಲಿಸಿದರು. ಗೂಡ್ಸ್ ಗಾಡಿ ಮತ್ತೆ ಓಡಿದ್ದು 2006ರಲ್ಲಿ, ಪ್ರಯಾಣಿಕರ ರೈಲು 2007ರ ಡಿಸೆಂಬರಿನಲ್ಲಿ. ಹನ್ನೊಂದು ವರ್ಷ! ರೈಲು ನಿಂತಾಗ ಶಾಲೆಗೆ ಸೇರಿದ ಮಗು ಆ ಹೊತ್ತಿಗೆ ಕಾಲೇಜಿನ ಮೆಟ್ಟಿಲು ಹತ್ತಿರುತ್ತದೆ. ಕರಾವಳಿಯವರಿಗೆ ಬೆಂಗಳೂರೆಂದರೆ 'ನೈಟ್ ಬಸ್' ಎಂಬ ಅಭ್ಯಾಸ ಗಟ್ಟಿಯಾದದ್ದು ಈ ಹನ್ನೊಂದು ವರ್ಷದಲ್ಲಿ ಎಂಬುದು ನನ್ನ ಅಂದಾಜು. ಅಭ್ಯಾಸ ಒಮ್ಮೆ ಕೂತರೆ ಏಳುವುದಿಲ್ಲ.

ಸುಬ್ರಹ್ಮಣ್ಯ ರೋಡ್‌ನಿಂದ ಸಕಲೇಶಪುರದವರೆಗಿನ 55 ಕಿ.ಮೀ. ಘಟ್ಟದ ಹಳಿಗೆ 57 ಸುರಂಗ, ನೂರಕ್ಕೂ ಮಿಕ್ಕಿ ಸೇತುವೆ. ಏರು ಐವತ್ತಕ್ಕೆ ಒಂದು. ಅಂದರೆ ಐವತ್ತು ಮೀಟರ್ ಮುಂದೆ ಸಾಗಿದರೆ ಒಂದು ಮೀಟರ್ ಮೇಲೆ. ರಸ್ತೆಯವರಿಗೆ ಇದು ಸಮತಟ್ಟಿನಂತೆ ಕಂಡೀತು. ಕಬ್ಬಿಣದ ಚಕ್ರ ಕಬ್ಬಿಣದ ಹಳಿಯ ಮೇಲೆ ನೆನೆದುಕೊಂಡು ಹತ್ತುವಾಗ ಇದೇ ಬೆಟ್ಟ. ಹಾಗಾಗಿ ಹಿಂದಿನಿಂದ ತಳ್ಳಲು ಬೇರೆ ಎಂಜಿನ್ನುಗಳನ್ನು ಜೋಡಿಸುತ್ತಾರೆ. ರೈಲಿನವರ ಬಾಯಲ್ಲಿ ಅವು 'ಬ್ಯಾಂಕರ್'. ವೇಗ ಗಂಟೆಗೆ ಮೂವತ್ತು ಕಿ.ಮೀ. ಮೀರುವಂತಿಲ್ಲ, ಇಳಿಯುವಾಗಲೂ ಅಷ್ಟೇ ಎಚ್ಚರ. ಎರಡೂವರೆ ತಾಸಿನ ಆಸುಪಾಸಿನಲ್ಲಿ ಸಿರಿಬಾಗಿಲು, ಎಡಕುಮೇರಿ, ಕಡಗರವಳ್ಳಿ, ದೋಣಿಗಾಲ್ ಒಂದೊಂದಾಗಿ ಕಳೆಯುತ್ತವೆ. ಎಡಕುಮೇರಿಗೆ ನೆಟ್ಟಗಿನ ರಸ್ತೆಯೇ ಇಲ್ಲ. ಅಲ್ಲಿ ಕೆಲಸ ಮಾಡುವವರಿಗೆ ಅಕ್ಕಿ, ಬೇಳೆ, ಪತ್ರಿಕೆ ಎಲ್ಲವೂ ರೈಲಿನಲ್ಲೇ ಬರಬೇಕು. ಮಳೆಗಾಲದ ರಾತ್ರಿ ಟಾರ್ಚು ಹಿಡಿದು ಹಳಿಯ ಮೇಲೆ ನಡೆದು, ಬಂಡೆ ಬಿದ್ದಿದೆಯೇ, ಬರೆ ಜರಿದಿದೆಯೇ ಎಂದು ನೋಡುವ ಗ್ಯಾಂಗಿನವರು ಇಲ್ಲದಿದ್ದರೆ ಈ ರೈಲು ಇಲ್ಲ. ಕಿಟಕಿಯಿಂದ ಜಲಪಾತದ ವಿಡಿಯೊ ತೆಗೆಯುವ ನಮಗೆ ಸುರಂಗದ ಬಾಯಲ್ಲಿ ಕಂಬಳಿ ಹೊದ್ದು ಹಸಿರು ಬಾವುಟ ಹಿಡಿದು ನಿಂತ ಅವರು ಕಾಣುವುದು ಅರೆಗಳಿಗೆ.

2021ರ ಜುಲೈಯಿಂದ ಈ ದಾರಿಯ ಹಗಲು ರೈಲುಗಳಿಗೆ ವಿಸ್ಟಾಡೋಮ್ ಬೋಗಿ ಸೇರಿದೆ. ಗಾಜಿನ ಚಾವಣಿ, ದೊಡ್ಡ ಕಿಟಕಿ, ತಿರುಗುವ ಕುರ್ಚಿ. ದರ ಸಾಮಾನ್ಯ ದರ್ಜೆಯ ಹಲವು ಪಟ್ಟು. ಒಮ್ಮೆ ಕೂತು ನೋಡಬೇಕಾದದ್ದು ನಿಜ. ಎರಡನೆಯ ಸಲಕ್ಕೆ ನನ್ನ ಓಟು ಸಾಮಾನ್ಯ ಬೋಗಿಯ ಕಿಟಕಿಗೇ. ಗಾಜಿನೊಳಗೆ ಎ.ಸಿ.ಯ ತಂಪು ಸಿಗುತ್ತದೆ, ಘಟ್ಟದ ತಂಪು ಸಿಗುವುದಿಲ್ಲ. ಒದ್ದೆ ಮಣ್ಣು, ಕೊಳೆತ ಎಲೆ, ಬ್ರೇಕಿನ ಕಬ್ಬಿಣ ಕಾದ ವಾಸನೆ, ಸುರಂಗ ಬಂದೊಡನೆ ಹುಡುಗರೆಲ್ಲ ಒಟ್ಟಾಗಿ ಹಾಕುವ ಕೇಕೆ, ಇವೆಲ್ಲ ಗಾಜು ದಾಟಿ ಒಳಬರುವುದಿಲ್ಲ.

ಹಾಗಾದರೆ ರೈಲೇ ಸರಿ ಎಂದು ಹೇಳಿ ಮುಗಿಸಬಹುದಿತ್ತು. ತೊಡಕಿರುವುದು ವೇಳಾಪಟ್ಟಿಯಲ್ಲಿ. ಈ ಹಳಿಯ ಮೇಲೆ ಓಡುವ ರೈಲುಗಳು ಬೆಂಗಳೂರಿಗಾಗಿ ಓಡುತ್ತವೆ, ಸಕಲೇಶಪುರಕ್ಕಾಗಿ ಅಲ್ಲ. ಹಗಲು ರೈಲು ಮಂಗಳೂರು ಬಿಡುವುದೇ ಬೆಳಗು ಕಳೆದ ಮೇಲೆ, ಬೆಟ್ಟ ತಲುಪುವಾಗ ಸಂಜೆಯ ಕಾಫಿಯ ಹೊತ್ತು. ಒಂದೇ ದಿನದಲ್ಲಿ ಹೋಗಿ ಬರುವವರಿಗೆ ಅದು ಸಲ್ಲ. ರಾತ್ರಿ ರೈಲು ಅಪರಾತ್ರಿಯಲ್ಲಿ ಪ್ಲಾಟ್‌ಫಾರ್ಮಿನ ಮೇಲೆ ಇಳಿಸಿ ಹೋಗುತ್ತದೆ. ಮಂಗಳೂರು–ಕಬಕ ಪುತ್ತೂರು ಪ್ಯಾಸೆಂಜರನ್ನು 2025ರ ಏಪ್ರಿಲಿನಲ್ಲಿ ಸುಬ್ರಹ್ಮಣ್ಯ ರೋಡ್‌ವರೆಗೆ ಎಳೆದರು. ಒಳ್ಳೆಯದೇ ಆಯಿತು, ಆದರೆ ಅದು ಘಟ್ಟದ ಬುಡಕ್ಕೆ ಬಂದು ನಿಂತುಬಿಡುತ್ತದೆ. ಒಂಟಿ ಹಳಿ. ಬಂದರಿನ ಕಲ್ಲಿದ್ದಲು, ಗೊಬ್ಬರದ ಗೂಡ್ಸ್ ಗಾಡಿಗೂ ಅದೇ ದಾರಿ. ಇನ್ನೊಂದು ವಿಚಿತ್ರ ನೋಡಿ: ಮಂಗಳೂರಿನ ಎರಡು ಮುಖ್ಯ ನಿಲ್ದಾಣಗಳು ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗಕ್ಕೆ ಸೇರಿವೆ, ಘಟ್ಟದ ಹಳಿ ನೈಋತ್ಯ ರೈಲ್ವೆಯ ಮೈಸೂರು ವಿಭಾಗದ್ದು, ತೋಕೂರು ದಾಟಿದರೆ ಕೊಂಕಣ ರೈಲ್ವೆ. ಮೂರು ಮನೆಯ ನೆಂಟ ಉಪವಾಸ ಎಂಬಂತೆ, ಮೂರು ರೈಲ್ವೆ ಸೇರುವ ಊರಿನಿಂದ ನೂರಮೂವತ್ತು ಕಿ.ಮೀ. ದೂರದ ಪೇಟೆಗೆ ಬೆಳಿಗ್ಗೆ ಹೋಗಿ ಸಂಜೆ ಬರುವ ಒಂದು ಲೋಕಲ್ ಗಾಡಿಯಿಲ್ಲ.

ಆದ್ದರಿಂದ ಕೆಲಸವಿದ್ದವರು ಬಸ್ಸು ಹತ್ತುತ್ತಾರೆ. ಆಸ್ಪತ್ರೆಗೆಂದು ಘಟ್ಟ ಇಳಿದವರು, ತೋಟದ ಲೆಕ್ಕಕ್ಕೆ ಹತ್ತುವವರು, ಮಗಳ ಹಾಸ್ಟೆಲಿಗೆ ಉಪ್ಪಿನಕಾಯಿ ಕೊಂಡೊಯ್ಯುವವರು, ಇವರ್‍ಯಾರೂ ವಿಸ್ಟಾಡೋಮಿನ ಗಿರಾಕಿಗಳಲ್ಲ. ಹಾಸನ, ಬೆಂಗಳೂರು, ಮೈಸೂರಿಗೆ ಹೋಗುವ ಸರ್ಕಾರಿ ಬಸ್ಸುಗಳು ಬಿಜೈ ನಿಲ್ದಾಣದಿಂದ ದಿನವಿಡೀ ಹೊರಡುತ್ತವೆ. ಬೆಂಗಳೂರಿನ ಕೆಂಪು ಬಸ್ಸು ಸಕಲೇಶಪುರದಲ್ಲಿ ನಿಲ್ಲದೆ ಹೋಗುವುದಿಲ್ಲ. 2023ರ ಜೂನ್ 11ರಂದು ಹೆಂಗಸರಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ ಬಂದ ಮೇಲೆ ಈ ಕೆಂಪು ಬಸ್ಸಿನ ಲೆಕ್ಕವೇ ಬದಲಾಯಿತು. ರಾಜಹಂಸ, ಐರಾವತಗಳಿಗೆ ಅದು ಅನ್ವಯಿಸುವುದಿಲ್ಲ, ಸಾಮಾನ್ಯ ಬಸ್ಸಿಗಷ್ಟೇ. ಅಲ್ಲಿಯವರೆಗೆ 'ನಾಲ್ವರಿದ್ದರೆ ಕಾರೇ ಅಗ್ಗ' ಎನ್ನುತ್ತಿದ್ದ ಮನೆಯಲ್ಲಿ ಈಗ ಅಮ್ಮ, ಅಜ್ಜಿ, ಮಗಳು ಆಧಾರ್ ಕಾರ್ಡು ಹಿಡಿದು ಮುಂದಿನ ಸೀಟಿನಲ್ಲಿ, ಅಪ್ಪ ಒಬ್ಬನೇ ಟಿಕೆಟಿನವನು. ಸೀಟು ಸಿಗುವುದು ಕಷ್ಟವಾಗಿದೆ ಎಂದು ಗೊಣಗುವವರಿದ್ದಾರೆ. ಕಷ್ಟವಾಗಿರುವುದು ನಿಜ. ಹಿಂದೆ ಆ ಸೀಟು ಸುಲಭವಾಗಿ ಸಿಗುತ್ತಿದ್ದುದು ಯಾರು ಮನೆಯಲ್ಲೇ ಉಳಿದಿದ್ದರಿಂದ ಎಂಬುದನ್ನೂ ಯೋಚಿಸಬೇಕು.

ಬಸ್ಸಿನಲ್ಲಿ ಘಟ್ಟ ಹತ್ತುವುದಕ್ಕೆ ಒಂದು ಶಿಸ್ತಿದೆ. ಹೊಟ್ಟೆ ತುಂಬ ತಿಂದು ಹತ್ತಬಾರದು, ಖಾಲಿ ಹೊಟ್ಟೆಯಲ್ಲೂ ಹತ್ತಬಾರದು. ಹಿಂದಿನ ಚಕ್ರದ ಮೇಲಿನ ಸೀಟು ಬೇಡ. ಅಂಗೈಯಲ್ಲೊಂದು ನಿಂಬೆಹಣ್ಣು ಇರಲಿ, ಮೂಸುವುದಕ್ಕೆ. ಮೊಬೈಲು ನೋಡಿದಿರೋ, ಗುಂಡ್ಯ ದಾಟುವಷ್ಟರಲ್ಲಿ ಕಿಟಕಿ ಬೇಕಾಗುತ್ತದೆ. ಇನ್ನು ರಾತ್ರಿ ಬಸ್ಸಿನ ಮಾತು. ಬೆಂಗಳೂರಿಗೆ ಹೋಗುವವರಿಗೆ ಅದು ವರ. ಘಟ್ಟ ನಿದ್ದೆಯಲ್ಲೇ ಕಳೆದುಹೋಗುತ್ತದೆ. ಸಕಲೇಶಪುರದವರಿಗೆ ಅದೇ ಶಾಪ. ಹತ್ತು ಗಂಟೆಗೆ ಹತ್ತಿದರೆ ಒಂದೂವರೆಗೋ ಎರಡಕ್ಕೋ "ಸಕ್ಲೇಶ್‌ಪುರ ಯಾರ್‍ರೀ?" ಎಂದು ಕೂಗಿ, ಕಣ್ಣು ಬಿಡುವಷ್ಟರಲ್ಲಿ ಹೊರಗೆ ನಿಲ್ಲಿಸಿರುತ್ತಾರೆ. ನಾಯಿ, ಚಳಿ, ಮುಚ್ಚಿದ ಅಂಗಡಿ. ಊರಿನಲ್ಲಿ ಕಾದು ಕರೆದೊಯ್ಯುವವರು ಇದ್ದರೆ ಸರಿ. ಇಲ್ಲದಿದ್ದರೆ ಹಗಲೇ ಹೊರಡಿ.

ಸ್ವಂತ ಕಾರಿನವರಿಗೆ ಬಿ.ಸಿ.ರೋಡ್‌ನಿಂದ ರಾಷ್ಟ್ರೀಯ ಹೆದ್ದಾರಿ 75. ಹಳಬರು ಈಗಲೂ 48 ಎನ್ನುತ್ತಾರೆ. ಕಲ್ಲಡ್ಕದಲ್ಲಿ ಮೇಲ್ಸೇತುವೆ ಬಂದಿದೆ, ಪದರ ಪದರವಾಗಿ ನಿಲ್ಲುವ ಅಲ್ಲಿಯ ಕೆ.ಟಿ. (ಕಲ್ಲಡ್ಕ ಟೀ) ಕುಡಿಯಬೇಕಾದರೆ ಮರೆಯದೆ ಕೆಳಗಿನ ರಸ್ತೆ ಹಿಡಿಯಬೇಕು. ಕಾರಿನ ಸುಖ ಗೊತ್ತಿದ್ದದ್ದೇ: ಬೇಕಾದಲ್ಲಿ ನಿಲ್ಲಿಸಬಹುದು, ತೋಟದ ಗೇಟಿನವರೆಗೂ ಹೋಗಬಹುದು. ಹೋಂಸ್ಟೇಗಳು ಪೇಟೆಯಿಂದ ಹತ್ತು ಇಪ್ಪತ್ತು ಕಿ.ಮೀ. ಒಳಗಿರುವುದರಿಂದ ಬಸ್ಸು, ರೈಲಿನಲ್ಲಿ ಬಂದವರು ಕೊನೆಗೂ ಜೀಪಿಗೆ ದುಡ್ಡು ಎಣಿಸಲೇಬೇಕು, ಆ ಲೆಕ್ಕವನ್ನು ಬಹಳ ಜನ ಮೊದಲೇ ಹಾಕುವುದಿಲ್ಲ. ಕಾರಿನ ದುಃಖ ಟ್ಯಾಂಕರು. ಬಂದರಿನಿಂದ ಅಡುಗೆ ಅನಿಲ ತುಂಬಿಕೊಂಡ ಬುಲೆಟ್ ಟ್ಯಾಂಕರುಗಳು ಸಾಲು ಹಿಡಿದು ಹತ್ತುತ್ತಿರುತ್ತವೆ. ಒಂದನ್ನು ದಾಟಿದರೆ ಮುಂದೆ ಇನ್ನೊಂದು. 2013ರ ಏಪ್ರಿಲಿನಲ್ಲಿ ಉಪ್ಪಿನಂಗಡಿ ಬಳಿಯ ಪೆರ್ನೆಯಲ್ಲಿ ಅಂಥದ್ದೊಂದು ಮಗುಚಿ ಹೊತ್ತಿಕೊಂಡು ರಸ್ತೆಬದಿಯ ಮನೆಗಳವರೂ ಜೀವ ಕಳೆದುಕೊಂಡರು. ಆಮೇಲೆ ಟ್ಯಾಂಕರಿನ ಹಿಂದೆ ಅಂಟಿಕೊಂಡು ಹೋಗುವಾಗ ಆ ಊರಿನ ಹೆಸರು ನೆನಪಾಗದೆ ಇರುವುದಿಲ್ಲ. ಇಳಿಯುವಾಗ ಎರಡನೇ ಗೇರಿನಲ್ಲೇ ಇಳಿಯಬೇಕು. ಬ್ರೇಕನ್ನೇ ನಂಬಿ ಇಳಿದವರ ಚಕ್ರದಿಂದ ಬರುವ ಸುಟ್ಟ ವಾಸನೆ ಕೆಂಪುಹೊಳೆಯ ತಿರುವುಗಳಲ್ಲಿ ಯಾವಾಗಲೂ ಇರುತ್ತದೆ.

ಮನುಷ್ಯರು ಹೀಗೆ ಬಸ್ಸೋ ಕಾರೋ ಎಂದು ತಲೆ ಕೆಡಿಸಿಕೊಂಡಿರುವಾಗ ಸರಕು ತನ್ನ ದಾರಿಯನ್ನು ಎಂದೋ ಕಂಡುಕೊಂಡಿತ್ತು. ಕುದುರೆಮುಖದ ಕಬ್ಬಿಣದ ಅದಿರು ಲಾರಿಯನ್ನೂ ಏರಲಿಲ್ಲ, ರೈಲನ್ನೂ ಏರಲಿಲ್ಲ; ನೀರಿನಲ್ಲಿ ಕದಡಿದ ಕೆಸರಾಗಿ 67 ಕಿ.ಮೀ. ಕೊಳವೆಯಲ್ಲಿ ಘಟ್ಟ ಇಳಿದು ಪಣಂಬೂರಿನ ಬಂದರಿಗೆ ಬರುತ್ತಿತ್ತು. 2005ರ ಕೊನೆಗೆ ಗಣಿಗಾರಿಕೆ ನಿಂತಿತು, ಕೊಳವೆಯೂ ಒಣಗಿತು. ಮಂಗಳೂರಿನಿಂದ ಹಾಸನ, ಬೆಂಗಳೂರಿಗೆ ಪೆಟ್ರೋಲು, ಡೀಸೆಲು ಈಗ ನೆಲದಡಿಯ ಕೊಳವೆಯಲ್ಲೇ ಘಟ್ಟ ಹತ್ತುತ್ತವೆ. 2024ರ ಸೆಪ್ಟೆಂಬರಿನಲ್ಲಿ ಎತ್ತಿನಹೊಳೆಯ ಮೊದಲ ಹಂತ ಉದ್ಘಾಟನೆಯಾದ ಮೇಲೆ ನೀರೂ ಹತ್ತಿತು. ಪಶ್ಚಿಮಕ್ಕೆ ಹರಿದು ಮಂಗಳೂರಿನ ಅಳಿವೆ ಸೇರಬೇಕಾದ ಹಳ್ಳಗಳ ನೀರನ್ನು ಪಂಪು ಹಚ್ಚಿ ಪೂರ್ವಕ್ಕೆ ದಬ್ಬುವ ಯೋಜನೆ ಅದು. ಕಾಫಿ ಮಾತ್ರ ಇನ್ನೂ ಲಾರಿಯಲ್ಲೇ ಇಳಿಯುತ್ತದೆ. ಇಳಿದದ್ದರಲ್ಲಿ ಒಂದು ಪಾಲನ್ನು ಮಂಗಳೂರಿನ ಗೋದಾಮುಗಳಲ್ಲಿ ಮಳೆಗಾಲದ ಒದ್ದೆ ಗಾಳಿಗೆ ಹರಡಿ ಉಬ್ಬಿಸುತ್ತಾರೆ. ಹಾಯಿಹಡಗಿನ ಕಾಲದಲ್ಲಿ ಕಾಫಿ ಬೀಜ ತಿಂಗಳುಗಟ್ಟಲೆ ಸಮುದ್ರದ ತೇವ ಹೀರಿ ಯುರೋಪು ಮುಟ್ಟುವಾಗ ಬಣ್ಣ, ರುಚಿ ಬದಲಾಗಿರುತ್ತಿತ್ತು. ಉಗಿಹಡಗು ಬಂದು ಪ್ರಯಾಣ ಚಿಕ್ಕದಾದಾಗ ಅಲ್ಲಿಯವರಿಗೆ ಹಳೆಯ ರುಚಿಯೇ ಬೇಕೆನಿಸಿತು. ಅದನ್ನು ದಡದಲ್ಲೇ ಮರಳಿ ಸೃಷ್ಟಿಸಿದ್ದು 'ಮಾನ್‌ಸೂನ್ಡ್ ಮಲಬಾರ್'. ಪ್ರಯಾಣ ತಡವಾದದ್ದಕ್ಕೆ ಹೆಚ್ಚು ಬೆಲೆ ಕೊಟ್ಟ ಉದಾಹರಣೆ ನನಗೆ ಗೊತ್ತಿರುವುದು ಇದೊಂದೇ.

ಈಗ ಆ 'ಯಾವಾಗ'ಕ್ಕೆ ಬರೋಣ. ಕರಾವಳಿಯಿಂದ ಮೇಲಕ್ಕೆ ಹತ್ತಲು ನಮಗೆ ಹಲವು ಬಾಗಿಲುಗಳಿವೆ ಎಂದುಕೊಂಡಿದ್ದೇವೆ. ಬಿ.ಸಿ.ರೋಡ್‌ನಲ್ಲಿ ಎಡಕ್ಕೆ ಹೊರಳಿದರೆ ಉಜಿರೆಯ ಮೇಲೆ ಚಾರ್ಮಾಡಿ, ಕೊಟ್ಟಿಗೆಹಾರ. ನೆಟ್ಟಗೆ ಹೋದರೆ ಶಿರಾಡಿ. ಮಾಣಿಯಲ್ಲಿ ಬಲಕ್ಕೆ ಹೊರಳಿದರೆ ಪುತ್ತೂರು, ಸುಳ್ಯ, ಸಂಪಾಜೆ, ಮಡಿಕೇರಿ. ಕುಕ್ಕೆಯ ಬೆನ್ನಿಗೆ ಬಿಸಿಲೆ. ಇವಕ್ಕೆಲ್ಲ ಸಮಾನಾಂತರವಾಗಿ ರೈಲು. ಒಂದಲ್ಲದಿದ್ದರೆ ಇನ್ನೊಂದು ಎಂಬ ಧೈರ್ಯ. ಈ ಧೈರ್ಯ ಎಷ್ಟು ತೆಳುವೆಂದು 2018 ತೋರಿಸಿಕೊಟ್ಟಿತು. ಶಿರಾಡಿಯ ಕೆಂಪುಹೊಳೆ–ಅಡ್ಡಹೊಳೆ ನಡುವಿನ ಕಾಂಕ್ರೀಟು ಕೆಲಸಕ್ಕೆಂದು ಆ ವರ್ಷ ಜನವರಿಯಿಂದ ಆರು ತಿಂಗಳು ರಸ್ತೆ ಮುಚ್ಚಿದ್ದರು. ಮೇಲ್ಭಾಗದ ಕೆಲಸಕ್ಕೆ 2015ರಲ್ಲೂ ಹಾಗೆಯೇ ತಿಂಗಳುಗಟ್ಟಲೆ ಮುಚ್ಚಿತ್ತು. 2018ರ ಜುಲೈ ಮಧ್ಯದಲ್ಲಿ ಹೊಸ ರಸ್ತೆ ತೆರೆಯಿತು. ಒಂದು ತಿಂಗಳು. ಆಗಸ್ಟ್ ಮಧ್ಯದಲ್ಲಿ ಗುಡ್ಡ ಜರಿದು ಮತ್ತೆ ಬಂದ್. ಅದೇ ವಾರ ಜೋಡುಪಾಲ, ಮದೆನಾಡು ಸುತ್ತ ಬೆಟ್ಟಗಳೇ ಜಾರಿ ಸಂಪಾಜೆ ದಾರಿ ಹರಿದುಹೋಯಿತು, ಮನೆ ತೋಟಗಳ ಜತೆ ಜನರೂ ಹೋದರು. ರೈಲು ಹಳಿಯ ಮೇಲೂ ಸಾಲು ಸಾಲು ಕುಸಿತ. ಉಳಿದದ್ದು ಚಾರ್ಮಾಡಿ. ಮೂರು ದಾರಿಯ ಹೊರೆ ಆ ಕಿರಿದಾದ ತಿರುವುಗಳ ಮೇಲೆ. ಮರುವರ್ಷ, 2019ರ ಆಗಸ್ಟಿನಲ್ಲಿ, ಚಾರ್ಮಾಡಿಯೂ ಹಲವೆಡೆ ಕುಸಿದು ಕೂತಿತು. ಹಿಂದಿನ ವರ್ಷದ ಹೊರೆಯೇ ಕಾರಣ ಎನ್ನಲಾರೆ, ಆ ವರ್ಷದ ಮಳೆಯೂ ಸಣ್ಣದಲ್ಲ.

2024ರ ಜುಲೈಯಲ್ಲಿ ಅದೇ ಕಥೆ ಇನ್ನೊಂದು ಸಲ. ಸಕಲೇಶಪುರದ ಬಳಿಯ ದೊಡ್ಡತಪ್ಪಲೆಯಲ್ಲಿ ಮಣ್ಣು ಮತ್ತೆ ಮತ್ತೆ ಹೆದ್ದಾರಿಗೆ ಇಳಿಯಿತು. ಮದೆನಾಡು ಬಳಿಯ ಕರ್ತೋಜಿಯಲ್ಲಿ ರಸ್ತೆ ಬಿರುಕು ಬಿಡುವ ಲಕ್ಷಣ ಕಂಡು ಸಂಪಾಜೆಯಲ್ಲಿ ರಾತ್ರಿ ಸಂಚಾರ ನಿಲ್ಲಿಸಿದರು. ತಿಂಗಳ ಕೊನೆಗೆ ಎಡಕುಮೇರಿ–ಕಡಗರವಳ್ಳಿ ನಡುವೆ ಹಳಿಯ ಅಡಿಯ ಮಣ್ಣೇ ಜಾರಿ, ಆಗಸ್ಟಿನ ಮೊದಲ ವಾರದವರೆಗೂ ಪ್ರಯಾಣಿಕರ ರೈಲಿರಲಿಲ್ಲ. ಮಂಗಳೂರಿನಲ್ಲಿ ಕೂತು ನಾವು ಆಯ್ಕೆ ಎಂದುಕೊಂಡ ಬಾಗಿಲುಗಳು ಒಂದೇ ಗೋಡೆಯವು. ಗೋಡೆ ನೆನೆದರೆ ಎಲ್ಲವೂ ಒಟ್ಟಿಗೆ ಬಿಗಿಯುತ್ತವೆ. ಒಂದೊಂದು ದಾರಿಯ ಗುಣದೋಷವನ್ನು ಬಿಡಿಬಿಡಿಯಾಗಿ ತೂಗುವ ಪ್ರವಾಸಿ ಕೈಪಿಡಿಗಳು ತಪ್ಪುವುದು ಇಲ್ಲಿ. ಶಿರಾಡಿ ಮುಚ್ಚಿದ ದಿನ ಚಾರ್ಮಾಡಿ ಹಿಂದಿನ ದಿನದ ಚಾರ್ಮಾಡಿಯಾಗಿ ಉಳಿಯುವುದಿಲ್ಲ. ಎರಡು ತಾಸಿನ ಘಾಟಿ ಆರು ತಾಸಿನದಾಗುತ್ತದೆ.

ಅಂಥ ಒಂದು ಜುಲೈಯಲ್ಲಿ ನಾನು ಗುಂಡ್ಯದಲ್ಲಿ ಸಿಕ್ಕಿಕೊಂಡಿದ್ದೆ. ಮೇಲೆಲ್ಲೋ ಮರ ಬಿದ್ದಿದೆ ಎಂದರು, ಆಮೇಲೆ ಮರವಲ್ಲ ಮಣ್ಣು ಎಂದರು, ಆಮೇಲೆ ಏನೂ ಅನ್ನಲಿಲ್ಲ. ಎದುರಿನ ಹೋಟೆಲಿನಲ್ಲಿ ಮೊದಲು ಬನ್ಸ್ ಮುಗಿಯಿತು, ಬಳಿಕ ಗೋಳಿಬಜೆ, ಕೊನೆಗೆ ಹಾಲು. ಕರಿಚಹಾ ಹಿಡಿದು ಪಕ್ಕದಲ್ಲಿ ಕೂತ ಲಾರಿ ಚಾಲಕ, ಇಪ್ಪತ್ತು ವರ್ಷದಿಂದ ಇದೇ ಘಾಟಿಯಲ್ಲಿ ಓಡುತ್ತಿರುವವನು, ನನ್ನ ಚಡಪಡಿಕೆ ನೋಡಿ ನಕ್ಕ. "ಆಟಿ ತಿಂಗಳಲ್ಲಿ ನಾವು ಹೊರಡುವ ಹೊತ್ತು ಮಾತ್ರ ಹೇಳುವುದು ಸಾರ್. ಮುಟ್ಟುವ ಹೊತ್ತು ಮನೆಯವರೂ ಕೇಳುವುದಿಲ್ಲ."

ಹಾಗಾಗಿ ನನ್ನ ಸಲಹೆ ತಿಂಗಳಿನ ಬೆನ್ನು ಹತ್ತಿದ್ದು. ನವೆಂಬರಿನಿಂದ ಫೆಬ್ರವರಿಯವರೆಗೆ ಯಾವುದರಲ್ಲಾದರೂ ಹೋಗಿ. ರಸ್ತೆ ಒಣಗಿರುತ್ತದೆ, ಕಾಫಿ ಹಣ್ಣಾಗಿ ಕೊಯ್ಲು ನಡೆದಿರುತ್ತದೆ, ಆಳು ತುಂಬಿದ ಪಿಕಪ್ಪುಗಳಿಗೆ ದಾರಿ ಬಿಟ್ಟರೆ ಸಾಕು. ವಾರಾಂತ್ಯ ಬೇಡ, ಬೆಂಗಳೂರು ಅತ್ತ ಕಡೆಯಿಂದ ಹೊರಟಿರುತ್ತದೆ. ಮಾರ್ಚ್, ಏಪ್ರಿಲಿನಲ್ಲಿ ಹೂಮಳೆ ಬಿದ್ದ ಮೂರ್ನಾಲ್ಕು ದಿನಕ್ಕೆ ತೋಟಗಳು ಬೆಳ್ಳಗಾದಾಗ ಕಾರೇ ಬೇಕು, ಏಕೆಂದರೆ ಹೂವು ಟಿಕೆಟ್ಟು ಬುಕ್ ಮಾಡಿದ ದಿನಕ್ಕೆ ಅರಳುವುದಿಲ್ಲ. ಜೂನ್ ಕಳೆದ ಮೇಲೆ ಕಾರು ಮನೆಯಲ್ಲಿರಲಿ. ರೈಲು ಚೆಂದ ಕಾಣುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ: ಹಳ್ಳಗಳಲ್ಲಿ ನೀರಿರುತ್ತದೆ, ಬರೆಗೆ ಜರಿಯುವ ಉಮೇದು ಇಳಿದಿರುತ್ತದೆ. ಜುಲೈ, ಆಗಸ್ಟಿನಲ್ಲಿ ಹೋಗಲೇಬೇಕಾದವರು ಕೆಂಪು ಬಸ್ಸು ಹಿಡಿಯಿರಿ. ಅದು ಸುಖದ ವಾಹನವೆಂದಲ್ಲ. ದಾರಿ ಬಂದ್ ಆದರೆ ಬದಲಿ ಘಾಟಿ ಯಾವುದು, ಯಾವುದರಲ್ಲಿ ಯಾವ ಗಾತ್ರದ ಬಂಡಿ ಬಿಡುತ್ತಾರೆ ಎಂಬ ಸುದ್ದಿ ಚಾಲಕರ ಫೋನಿಗೆ ಬರುವಷ್ಟು ಬೇಗ ನಮ್ಮ ನಿಮ್ಮ ಫೋನಿಗೆ ಬರುವುದಿಲ್ಲ. ಗೂಗಲ್ ನಕ್ಷೆಗಂತೂ ಜಿಲ್ಲಾಧಿಕಾರಿಯ ಆದೇಶ ಓದಲು ಬಾರದು. ಶಿರಾಡಿಯ ಬುಡ ದಕ್ಷಿಣ ಕನ್ನಡದ್ದು, ತಲೆ ಹಾಸನದ್ದು. ಎರಡು ಆದೇಶ ಕೂಡಿದರೆ ಒಂದು ದಾರಿ. ಮಳೆಗಾಲದಲ್ಲಿ ಗೂಗಲ್ ನಕ್ಷೆ ಬಿಸಿಲೆಯ ಅಡ್ಡದಾರಿ ತೋರಿಸಿದರೆ ಒಪ್ಪಿಕೊಳ್ಳಬೇಡಿ. ಬಿಸಿಲೆ ಬೇಸಿಗೆಯ ಹಗಲಿಗೆ ಸೊಗಸು. ವೀಕ್ಷಣಾ ಕಟ್ಟೆಯಿಂದ ಕುಮಾರಪರ್ವತ ಎದುರಿಗೇ ನಿಲ್ಲುತ್ತದೆ. ರಾತ್ರಿಗಾದರೆ ಎದುರಿಗೆ ನಿಲ್ಲುವುದು ಆನೆ.

ವಿಮಾನದ ಮಾತು ಒಂದೇ ಸಾಲಿನಲ್ಲಿ ಮುಗಿಯುತ್ತದೆ: ಗಲ್ಫಿನಿಂದ ಬಜಪೆಯಲ್ಲಿ ಇಳಿದ ಮಲೆನಾಡಿನವರಿಗೂ ಅಲ್ಲಿಂದಾಚೆಗೆ ಇದೇ ಶಿರಾಡಿ.

ಮುಂದೇನು? ಶಿರಾಡಿಯನ್ನೇ ತಪ್ಪಿಸಿ ಸುರಂಗ, ಸೇತುವೆಗಳ ಸುಮಾರು 23 ಕಿ.ಮೀ. ಮಾರ್ಗ ಮಾಡುವ ಯೋಚನೆಯನ್ನು ಜಪಾನಿನ ಜೈಕಾ ಸಂಸ್ಥೆ ಅಧ್ಯಯನ ಮಾಡಿತ್ತು. ಅದರ ಬೇರೆ ಬೇರೆ ರೂಪಗಳು ಇಂದಿಗೂ ಪತ್ರಿಕೆಗಳಲ್ಲಿ ಆಗಾಗ ತಲೆ ಎತ್ತುತ್ತವೆ. ಅಷ್ಟರಲ್ಲಿ ಇರುವ ರಸ್ತೆಯನ್ನೇ ಚತುಷ್ಪಥ ಮಾಡಲು ದೋಣಿಗಾಲ್ ಕಡೆ ಗುಡ್ಡದ ಬುಡವನ್ನು ನೆಟ್ಟಗೆ ಕತ್ತರಿಸಿದರು. ಮಳೆ ನೀರು ಇಂಗಿ ಭಾರವಾಗುವ ಮಣ್ಣಿನ ಬುಡ ಕಡಿದರೆ ಏನಾಗುತ್ತದೆಂದು ಅಡಿಕೆ ತೋಟದಲ್ಲಿ ಧರೆ ಕಡಿದ ಯಾವ ಕೃಷಿಕನಾದರೂ ಹೇಳಿಯಾನು. ರಸ್ತೆ ಅಗಲವಾದಷ್ಟೂ ಜರಿಯುವ ಗೋಡೆ ಎತ್ತರವಾಗುತ್ತದೆ. ನನ್ನ ಕೈಯಲ್ಲಿದ್ದರೆ ರಸ್ತೆಯ ದುಡ್ಡಿನಲ್ಲೊಂದು ಪಾಲನ್ನು ಹಳಿಗೆ ಹಾಕುತ್ತಿದ್ದೆ: ಇನ್ನೊಂದಿಷ್ಟು ಕ್ರಾಸಿಂಗ್ ನಿಲ್ದಾಣ, ಬೆಳಿಗ್ಗೆ ಆರಕ್ಕೊಂದು ಲೋಕಲ್ ಗಾಡಿ, ಟ್ಯಾಂಕರಿನ ಅನಿಲವೆಲ್ಲ ವ್ಯಾಗನ್ನಿಗೆ. ಹಳಿಯೂ ಜರಿಯುತ್ತದೆ, ಒಪ್ಪಿದೆ. ಆದರೆ ಅದಕ್ಕೆ ಚತುಷ್ಪಥದಷ್ಟು ಅಗಲ ಬೇಡ.

ಇಳಿಯುವ ಮಾತು ಬಾಕಿ ಉಳಿಯಿತು. ಹತ್ತುವಾಗ ಏನೇ ಆಯ್ದುಕೊಂಡಿರಲಿ, ಇಳಿಯುವುದಕ್ಕೆ ನನಗೆ ಮಧ್ಯಾಹ್ನದ ಬಸ್ಸೇ ಇಷ್ಟ. ಸಕಲೇಶಪುರದಲ್ಲಿ ಹೇಮಾವತಿಯ ಸೇತುವೆ ಒಂದು ಕಡೆ. ಅವಳು ಪೂರ್ವಕ್ಕೆ ಹರಿದು ಕಾವೇರಿಯ ಕೂಡೆ ಬಂಗಾಳ ಕೊಲ್ಲಿಗೆ ಹೋಗುವವಳು. ಬಸ್ಸು ಪಶ್ಚಿಮಕ್ಕೆ ತಿರುಗುತ್ತದೆ. ದೋಣಿಗಾಲ್ ದಾಟುವಾಗ ಕಿಟಕಿಯ ಗಾಜಿಗೆ ಮಂಜು. ಮಾರನಹಳ್ಳಿಯ ಹೊತ್ತಿಗೆ ಕಿವಿ ಒಮ್ಮೆ ಮುಚ್ಚಿ ತೆರೆದುಕೊಳ್ಳುತ್ತದೆ. ಕೆಂಪುಹೊಳೆಯ ಬಳಿ ಒಬ್ಬೊಬ್ಬರಾಗಿ ಸ್ವೆಟರ್ ಕಳಚಲು ಶುರು ಮಾಡುತ್ತಾರೆ, ಗುಂಡ್ಯದಲ್ಲಿ ಶಾಲು ಚೀಲ ಸೇರುತ್ತದೆ, ಕತ್ತಿನ ಹಿಂದೆ ಮೊದಲ ಬೆವರು. ಕಂಡಕ್ಟರು ಎದ್ದು "ಚಾ ಕುಡಿಯುವವರು ಕುಡಿಯಿರಿ, ಹತ್ತು ನಿಮಿಷ" ಎನ್ನುತ್ತಾನೆ. ಯಾರೂ ಗಡಿಯಾರ ನೋಡುವುದಿಲ್ಲ. ಮೇಲಿನಿಂದ ಬರುವ ಇನ್ನೊಂದು ಬಸ್ಸಿನ ಚಾಲಕನ ಹತ್ತಿರ ನಮ್ಮ ಚಾಲಕನಿಗೆ ಮಾತು ಬಾಕಿಯಿದೆ.